ಹಳೆಯ ಪದ್ಮಿನಿಗೆ ಇಂದಿನ ಪೆಟ್ರೋಲ್: ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ನೀವೇ ಮಾಡಬಹುದಾದ ಕೆಲಸ

ಎರಡು ಮಳೆಗಾಲದ ಹಿಂದೆ ಸಕಲೇಶಪುರ ದಾಟುತ್ತಿದ್ದಂತೆ ನನ್ನ ಪ್ರೀಮಿಯರ್ ಪದ್ಮಿನಿ ನಿಂತುಬಿಟ್ಟಿತು. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಹೊರಡುತ್ತಿತ್ತು, ಎರಡು ಕಿಲೋಮೀಟರ್ ಹೋಗಿ ಮತ್ತೆ ನಿಲ್ಲುತ್ತಿತ್ತು. ಅದಕ್ಕೂ ಹಿಂದಿನ ಒಂದು ತಿಂಗಳಲ್ಲಿ ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿ ತೊಳೆಸಿದ್ದೆ. ಕೊನೆಗೆ ಸಿಕ್ಕ ಕಾರಣ, ಟ್ಯಾಂಕಿಗೂ ಲೋಹದ ಪೈಪಿಗೂ ನಡುವೆ ಇದ್ದ ನಾಲ್ಕು ಇಂಚಿನ ರಬ್ಬರ್ ಪೈಪು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ, ಒಂದು ಹನಿಯೂ ಸೋರುತ್ತಿರಲಿಲ್ಲ. ಕಿತ್ತು ಬಗ್ಗಿಸಿದಾಗ ಮೈಯೆಲ್ಲ ಸಣ್ಣ ಬಿರುಕುಗಳು ಬಾಯಿ ಬಿಟ್ಟವು. ಒಳಗೆ ಬೆರಳು ತೂರಿಸಿ ಹೊರತೆಗೆದರೆ ಕಾಡಿಗೆ ಹಚ್ಚಿಕೊಂಡಂತೆ ಕಪ್ಪು.

ಆ ದಿನದಿಂದ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಯಾವ ದಿಕ್ಕಿನಲ್ಲಿ ಹರಿಯುತ್ತದೆಯೋ ಅದೇ ದಿಕ್ಕಿನಲ್ಲಿ ಕೆಲಸ ಮಾಡಬೇಕು. ಮೊದಲು ಟ್ಯಾಂಕು, ಆಮೇಲೆ ಪೈಪು, ಫಿಲ್ಟರ್, ಪಂಪು, ಎಲ್ಲ ಮುಗಿದ ಮೇಲೆ ಕಾರ್ಬ್ಯುರೇಟರ್. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಕಾರ್ಬ್ಯುರೇಟರ್, ಹಾಗಾಗಿ ಎಲ್ಲರ ಕೈಯೂ ಮೊದಲು ಅದರ ಮೇಲೆ ಹೋಗುತ್ತದೆ. ಆದರೆ ಅದು ತನಗೆ ಬಂದದ್ದನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಸಾಧನ. ಬರುವುದೇ ತುಕ್ಕು, ನೀರು, ಗಾಳಿಗುಳ್ಳೆ ಆಗಿದ್ದರೆ ಎಷ್ಟು ತೊಳೆದರೂ ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಇಲ್ಲಿ ಬರೆದಿರುವುದು ಪದ್ಮಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು: 1964ರಲ್ಲಿ ಮುಂಬೈನ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಶುರುವಾದ, 1089 ಸಿಸಿ ಎಂಜಿನ್ನಿನ ಕಾರು. ಅಂಬಾಸಿಡರ್ ಇರುವವರಿಗೂ ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇರುವವರಿಗೂ ಕ್ರಮ ಇದೇ. ಭಾಗಗಳು ಕೂತಿರುವ ಜಾಗ ಮಾತ್ರ ಬೇರೆ. ಎಂಪಿಎಫ್‌ಐ ಕಾರುಗಳಿಗೆ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಕಾರುಗಳಿಗೆ, ಇದು ಹೊಂದುವುದಿಲ್ಲ. ಅವುಗಳ ಪೈಪಿನಲ್ಲಿ ಒತ್ತಡ ಬಹಳ ಹೆಚ್ಚು, ಬಿಚ್ಚುವ ವಿಧಾನವೂ ಬೇರೆ.

ಪೆಟ್ರೋಲ್ ಬದಲಾಗಿದೆ

ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಪದ್ಮಿನಿ ಹುಟ್ಟಿದಾಗ ಬಂಕಿನಲ್ಲಿದ್ದದ್ದು ಸೀಸ ಬೆರೆತ, ಎಥೆನಾಲ್ ಇಲ್ಲದ ಪೆಟ್ರೋಲ್. ಕಾರಿನ ರಬ್ಬರು, ಪಂಪಿನೊಳಗಿನ ತೆಳು ಪೊರೆಯಾದ ಡಯಾಫ್ರಂ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್‌ಗಳ ಅಳತೆ ಎಲ್ಲವೂ ಆ ಪೆಟ್ರೋಲಿಗೆ ತಕ್ಕವು.

ಎಥೆನಾಲ್ ಹಳೆಯ ಕಾರಿಗೆ ನಾಲ್ಕು ರೀತಿಯಲ್ಲಿ ತಾಗುತ್ತದೆ. ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ, ಮೆತ್ತಗಾಗಿಸಿ, ಒಣಗಿದಾಗ ಬಿರುಕು ಬಿಡಿಸುತ್ತದೆ. ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಗೋಡೆಗೆ ದಶಕಗಳಿಂದ ಅಂಟಿದ್ದ ಜಿಗಟನ್ನು ಕರಗಿಸಿ ಸಡಿಲಿಸುತ್ತದೆ. ಅದೆಲ್ಲ ಫಿಲ್ಟರಿಗೆ ಬಂದು ಸೇರುತ್ತದೆ. ನಾಲ್ಕನೆಯದು ಲೆಕ್ಕದ ವಿಷಯ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಇ20ಕ್ಕೆ ಬೇಕಾದದ್ದು ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟೊಂಬತ್ತು ಪಾಲು ಹೆಚ್ಚು ಇಂಧನ ಬೇಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ತಿಳಿವಳಿಕೆ ಇಲ್ಲ, ನಾವೇ ನೋಡಿಕೊಳ್ಳಬೇಕು.

ಬೆಂಕಿಯ ವಿಷಯ ಮೊದಲು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹಾರಿಹೋಗದೆ ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೈ ನಡುಗುವ ಚಳಿಯಲ್ಲೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಾಗಲಿ ಮುಚ್ಚಿದ ಗ್ಯಾರೇಜಿನಲ್ಲಾಗಲಿ ಈ ಕೆಲಸ ಬೇಡ. ಬಯಲಿನಲ್ಲಿ, ಹಗಲಿನಲ್ಲಿ, ಗಾಳಿಯಾಡುವ ಕಡೆ ಮಾಡಿ. ಅಂಗಳದಲ್ಲಿ ಮಾಡುವುದಾದರೆ ತುಳಸಿಕಟ್ಟೆಯ ದೀಪ, ಬಚ್ಚಲಿನ ಒಲೆ, ಗ್ಯಾಸ್ ಗೀಸರ್ ಯಾವುದೂ ಉರಿಯುತ್ತಿರಬಾರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿದಿರಬೇಕು ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಬೆಳಕಿಗೆ ಎಲ್‌ಇಡಿ ಟಾರ್ಚ್ ಬಳಸಿ. ಗಾಜಿನ ಬಲ್ಬಿನ ಕೈದೀಪ ಕೆಳಗೆ ಬಿದ್ದು ಒಡೆದರೆ ಅಷ್ಟೇ ಸಾಕು. ಪಕ್ಕದಲ್ಲಿ ಎರಡು ಕಿಲೋ ಒಣಪುಡಿಯ ಅಗ್ನಿಶಾಮಕ, ಒಂದು ಬಕೆಟ್ ಮರಳು ಇರಲಿ. ನೀರು ಹಾಕಿದರೆ ಪೆಟ್ರೋಲ್ ಬೆಂಕಿ ಹರಡುತ್ತದೆ. ಪೆಟ್ರೋಲ್ ಹಿಡಿಯಲು ಲೋಹದ ಡಬ್ಬಿಯೇ ಆಗಬೇಕು. ಪೈಪಿಗೆ ಬಾಯಿಟ್ಟು ಎಳೆಯುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಆಗುತ್ತದೆ. ಕೈಪಂಪಿಗೆ ಹೆಚ್ಚು ಬೆಲೆಯೇನೂ ಇಲ್ಲ.

ಸಾಮಾನು

ಸ್ಪ್ಯಾನರ್ ಸೆಟ್, ಒಳ್ಳೆಯ ತುದಿಯ ಸ್ಕ್ರೂಡ್ರೈವರ್‌ಗಳು, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ, ಹೊಸ ಪೈಪು ಮತ್ತು ಕ್ಲಿಪ್‌ಗಳು, ಎರಡು ಫಿಲ್ಟರ್, ಕಾರ್ಬ್ಯುರೇಟರ್ ಕಿಟ್, ಪಂಪಿನ ಡಯಾಫ್ರಂ ಕಿಟ್, ಕೈಗವಸು, ಕಣ್ಣಿಗೆ ಕನ್ನಡಕ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಕಿಟ್ ಕೊಳ್ಳುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಹೆಸರು ಹೇಳಿ ಕೇಳುವುದಕ್ಕಿಂತ ಪಕ್ಕದಲ್ಲಿಟ್ಟು ಹೋಲಿಸುವುದು ಮೇಲು.

ಹಂತ 1: ಟ್ಯಾಂಕಿನ ಮುಚ್ಚಳ

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನ ಮೇಲ್ಭಾಗದಲ್ಲೋ ಸಣ್ಣ ರಂಧ್ರ ಇರುತ್ತದೆ. ಧೂಳು ತುಂಬಿ ಅದು ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪಂಪಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಲಕ್ಷಣ: ಹತ್ತು ಹದಿನೈದು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ನಿಂತ ತಕ್ಷಣ ಮುಚ್ಚಳ ತೆಗೆಯಿರಿ. ಬುಸ್ ಎಂದು ಗಾಳಿ ಒಳನುಗ್ಗಿದರೆ ರೋಗ ಸಿಕ್ಕಿತು. ರಂಧ್ರ ಸ್ವಚ್ಛಗೊಳಿಸಿ, ಮುಚ್ಚಳದ ವಾಷರ್ ಹೊಸದು ಹಾಕಿ.

ಹಂತ 2: ಟ್ಯಾಂಕಿನಲ್ಲಿ ಏನಿದೆ ನೋಡಿ

ಟ್ಯಾಂಕಿನ ತಳದಲ್ಲಿ ಡ್ರೈನ್ ಬೋಲ್ಟ್ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಕೈಪಂಪಿನಿಂದ ತಳದ ಪೆಟ್ರೋಲನ್ನು ಅರ್ಧ ಲೀಟರಿನಷ್ಟು ತೆಗೆದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಬಿಳಿ ಗೋಡೆಯ ಎದುರು ಹಿಡಿದು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು ಸೇರಿದ ಎಥೆನಾಲ್. ಕಂದು ಪುಡಿ ಕೂತಿದ್ದರೆ ತುಕ್ಕು. ಬಣ್ಣ ಕಪ್ಪಾಗಿ, ವಾರ್ನಿಷ್‌ನಂತೆ ವಾಸನೆ ಬಂದರೆ ಹಳಸಿದ ಪೆಟ್ರೋಲ್. ಅದನ್ನು ಎಂಜಿನ್ನಿಗೆ ಕೊಡಬೇಡಿ. ಚರಂಡಿಗೂ ಸುರಿಯಬೇಡಿ. ಹಳೆ ಆಯಿಲನ್ನು ಕ್ರಮವಾಗಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಕೊಡಿ.

ಬಂಕಿನಿಂದ ತಂದ ಪೆಟ್ರೋಲಿನಲ್ಲಿ ಎಷ್ಟು ಎಥೆನಾಲ್ ಇದೆ ಎಂದು ನೋಡುವ ಕುತೂಹಲ ಇದ್ದರೆ ನೂರು ಮಿಲಿಲೀಟರಿನ ಗಾಜಿನ ಅಳತೆ ಕೊಳವೆ ತನ್ನಿ. ಹತ್ತು ಮಿಲಿಲೀಟರ್ ನೀರು, ಅದರ ಮೇಲೆ ತೊಂಬತ್ತು ಮಿಲಿಲೀಟರ್ ಪೆಟ್ರೋಲ್. ಮುಚ್ಚಿ, ಚೆನ್ನಾಗಿ ಕುಲುಕಿ, ಇಟ್ಟುಬಿಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಸೇರುತ್ತದೆ. ಕೆಳಗಿನ ಪದರ ಹತ್ತರ ಗೆರೆಯಿಂದ ಇಪ್ಪತ್ತೆಂಟರ ಸಮೀಪಕ್ಕೆ ಏರುವುದನ್ನು ಮೊದಲ ಸಲ ಕಂಡಾಗ ನಾನು ತುಂಬಾ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಕಾರಿನ ಕಾಹಿಲೆಗಳಲ್ಲಿ ಅರ್ಧ ಆ ಕೊಳವೆಯಲ್ಲೇ ಕಾಣುತ್ತಿತ್ತು.

ತುಕ್ಕು ಹೆಚ್ಚಿದ್ದರೆ ಟ್ಯಾಂಕ್ ಇಳಿಸಲೇಬೇಕು. ಪೂರ್ತಿ ಬಸಿದು, ಗೇಜಿನ ತಂತಿ ಮತ್ತು ಪೈಪುಗಳನ್ನು ಕಳಚಿ, ಇಬ್ಬರು ಸೇರಿ ಇಳಿಸಿ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರು ಹಾಕಿ ಹಲವು ಸಲ ಕುಲುಕಿ ತೊಳೆಯಿರಿ. ಆಮೇಲೆ ಬಿಸಿನೀರಿನಲ್ಲಿ ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸುರಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಮತ್ತೆ ತೊಳೆದು, ತಡಮಾಡದೆ ಬಿಸಿಲಿನಲ್ಲಿ ಒಣಗಿಸಿ. ತಡಮಾಡಿದರೆ ಒಂದೇ ಗಂಟೆಯಲ್ಲಿ ಹೊಸ ತುಕ್ಕು ಹಿಡಿಯುತ್ತದೆ. ಕೊನೆಗೆ ಒಂದು ಲೀಟರ್ ಪೆಟ್ರೋಲ್ ಹಾಕಿ ಆಡಿಸಿ ತೆಗೆದುಬಿಡಿ.

ಟ್ಯಾಂಕಿಗೆ ತೂತಾಗಿದ್ದರೆ ಬೀದಿ ಬದಿಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಏಕೆಂದರೆ ಒಳಗೆ ಇರುವುದೆಲ್ಲ ಆವಿ. ಪೆಟ್ರೋಲ್ ಟ್ಯಾಂಕುಗಳನ್ನೇ ದುರಸ್ತಿ ಮಾಡುವ ಅನುಭವಿಗಳ ಹತ್ತಿರ ಹೋಗಿ. ದಾರಿಯಲ್ಲಿ ಸೋರಿದರೆ ಬಟ್ಟೆ ಸೋಪನ್ನು ತೂತಿಗೆ ಒತ್ತಿ ತಿಕ್ಕುವ ಹಳೆಯ ಲಾರಿ ಚಾಲಕರ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಅದು ಮನೆ ತಲುಪುವವರೆಗೆ ಮಾತ್ರ.

ಹಂತ 3: ರಬ್ಬರ್ ಪೈಪುಗಳು

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ. ಹಳೆಯ ಕಾರಿಗೆ ಬೆಂಕಿ ಬೀಳುವ ದಾರಿಗಳಲ್ಲಿ ಬಿರುಕು ಬಿಟ್ಟ ಪೆಟ್ರೋಲ್ ಪೈಪು ದೊಡ್ಡದು.

ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಪೆಟ್ರೋಲನ್ನು ಪಂಪು ಎಳೆಯುತ್ತದೆ, ತಳ್ಳುವುದಿಲ್ಲ. ಇದು ಚೆನ್ನಾಗಿ ಮನಸ್ಸಿನಲ್ಲಿರಲಿ. ಅಲ್ಲಿ ಬಿರುಕು ಬಿಟ್ಟರೆ ಕಾರು ಓಡುವಾಗ ಪೆಟ್ರೋಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಕಾರು ಏರಿನಲ್ಲಿ ಸೊರಗುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ನನ್ನ ಕಾರಿನಲ್ಲಿ ಆದದ್ದು ಇದೇ. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಪೈಪಿನಲ್ಲಿ ಒತ್ತಡ ಇರುವುದರಿಂದ ಅಲ್ಲಿಯ ಬಿರುಕು ಬಿಸಿ ಎಂಜಿನ್ನಿನ ಮೇಲೇ ಪೆಟ್ರೋಲ್ ಚಿಮ್ಮುತ್ತದೆ.

ಒಂದೊಂದಾಗಿ ಬಿಚ್ಚಿ, ಬಗ್ಗಿಸಿ, ತುದಿ ಕತ್ತರಿಸಿ ನೋಡಿ. ನನ್ನ ಸಲಹೆ ಕೇಳಿದರೆ, ನೋಡುವುದೂ ಬೇಡ, ಎಲ್ಲವನ್ನೂ ಬದಲಿಸಿ. ಹೊಸ ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಲಿ. ಅದರ ಒಳಪದರ ಎಥೆನಾಲ್ ತಡೆಯುವ ಫ್ಲೋರೋ ರಬ್ಬರಿನದು. ಅಚ್ಚೇ ಇಲ್ಲದ ಕಪ್ಪು ಪೈಪನ್ನು ಅಂಗಡಿಯವರು ಎಷ್ಟು ಹೊಗಳಿದರೂ ತರಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಪೈಪಂತೂ ಬೇಡವೇ ಬೇಡ. ಎಂಜಿನ್ ಶಾಖಕ್ಕೆ ಕೆಲವೇ ತಿಂಗಳಲ್ಲಿ ಹಳದಿಯಾಗಿ ಬಿರುಸಾಗುತ್ತದೆ. ಒಳವ್ಯಾಸವನ್ನು ಲೋಹದ ಪೈಪಿನ ಹೊರವ್ಯಾಸಕ್ಕೆ ಸರಿಯಾಗಿ ಅಳೆದು ತನ್ನಿ. ಪೈಪು ಲೋಹದ ತುದಿಯ ಮೇಲೆ ಕನಿಷ್ಠ ಒಂದು ಇಂಚು ಏರಲಿ. ಕ್ಲಿಪ್ಪನ್ನು ರಬ್ಬರ್ ಉಬ್ಬುವಷ್ಟು ಬಿಗಿಯಬೇಡಿ.

ಇದೇ ಹೊತ್ತಿನಲ್ಲಿ ಕಾರಿನ ಅಡಿಗೆ ಹೋಗುವ ಲೋಹದ ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ನುಸುಳಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಕ್ಲಿಪ್ಪಿನ ಅಡಿಯಲ್ಲಿ ಕೆಸರು ನಿಂತು ತುಕ್ಕು ಹಿಡಿಯುವ ಜಾಗಗಳನ್ನು ವಿಶೇಷವಾಗಿ ನೋಡಿ. ಕರಾವಳಿಯವರು ಇನ್ನೂ ಹೆಚ್ಚು ಗಮನ ಕೊಡಬೇಕು.

ಹಂತ 4: ಫಿಲ್ಟರ್

ಬಾಣದ ಗುರುತು ಎಂಜಿನ್ ಕಡೆಗೆ ಇರಲಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಹೆಚ್ಚು ಹೇಳಲು ಏನೂ ಇಲ್ಲ.

ಹಂತ 5: ಪಂಪು

ಪದ್ಮಿನಿಯ ಪಂಪಿಗೆ ವಿದ್ಯುತ್ ಇಲ್ಲ. ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ಡಯಾಫ್ರಂ ಮೇಲೆ ಕೆಳಗೆ ಆಡುತ್ತದೆ. ಪರೀಕ್ಷೆ ಹೀಗೆ: ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಕಳಚಿ ಅದರ ತುದಿಯನ್ನು ಎಂಜಿನ್ನಿನಿಂದ ದೂರ ಇಟ್ಟ ಡಬ್ಬಿಗೆ ಬಿಡಿ. ಕಿಡಿ ಹಾರದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ತಂತಿ ತೆಗೆದು ತುದಿಗೆ ಟೇಪ್ ಸುತ್ತಿ. ಈಗ ಮಾತ್ರ ಬ್ಯಾಟರಿ ಜೋಡಿಸಿ, ಮತ್ತೊಬ್ಬರಿಂದ ಹತ್ತು ಸೆಕೆಂಡ್ ಸ್ಟಾರ್ಟರ್ ಹೊಡೆಸಿ. ಎಂಜಿನ್ನಿನ ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಗಟ್ಟಿಯಾಗಿ ಚಿಮ್ಮಬೇಕು. ಗುಳ್ಳೆ ಗುಳ್ಳೆಯಾಗಿ ಬಂದರೆ ಪಂಪಿನ ಹಿಂದಿನ ದಾರಿಯಲ್ಲಿ ಎಲ್ಲೋ ಗಾಳಿ ಹಿಡಿಯುತ್ತಿದೆ, ಹಂತ 3ಕ್ಕೆ ಹಿಂತಿರುಗಿ. ಸಣ್ಣಗೆ ಜಿನುಗಿದರೆ ಡಯಾಫ್ರಂ ಅಥವಾ ಪಂಪಿನ ವಾಲ್ವ್ ಹೋಗಿದೆ.

ಡಯಾಫ್ರಂ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್ ಸೇರುವ ಸಾಧ್ಯತೆ ಇದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ತೆಗೆದು ಮೂಸಿ. ಆಯಿಲ್ ಮಟ್ಟ ಏರಿದ್ದು, ತೆಳ್ಳಗಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಎಂಜಿನ್ ಶುರು ಮಾಡಲೇಬೇಡಿ. ಪಂಪು ಸರಿಪಡಿಸಿ, ಆಯಿಲ್ ಬದಲಿಸಿ, ಆಮೇಲೆ ಮುಂದಿನದು. ಈ ಒಂದು ಅಸಡ್ಡೆಗೆ ಬೇರಿಂಗ್‌ಗಳೇ ಹೋಗಿಬಿಡುತ್ತವೆ.

ಬಿಚ್ಚುವ ಮೊದಲು ಪಂಪಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಸೇರಿ ಒಂದು ಗೀರು ಎಳೆಯಿರಿ, ಮತ್ತೆ ಕೂರಿಸುವಾಗ ದಿಕ್ಕು ತಪ್ಪುವುದಿಲ್ಲ. ಎಂಜಿನ್ನಿಗೂ ಪಂಪಿಗೂ ನಡುವಿನ ಶಾಖ ತಡೆಯುವ ದಪ್ಪ ತುಂಡನ್ನೂ ಗ್ಯಾಸ್ಕೆಟ್‌ಗಳನ್ನೂ ಎಷ್ಟು ದಪ್ಪ ಇದ್ದವೋ ಅಷ್ಟೇ ಇರುವಂತೆ ಹಾಕಿ. ಆ ದಪ್ಪ ಬದಲಾದರೆ ಪಂಪಿನ ಹೊಡೆತದ ಅಳತೆಯೇ ಬದಲಾಗುತ್ತದೆ. ಡಯಾಫ್ರಂ ಎಥೆನಾಲ್ ತಡೆಯುವ ಬಗೆಯದೇ ಎಂದು ಕೇಳಿ ಕೊಳ್ಳಿ.

ಬೇಸಿಗೆಯಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಅಥವಾ ಘಾಟಿ ಏರುವಾಗ ಎಂಜಿನ್ ಆರಿದರೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿರಬಹುದು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಹತ್ತು ನಿಮಿಷ ಕಾಯುವ ಹಳೆಯ ಟ್ಯಾಕ್ಸಿ ಚಾಲಕರ ಪದ್ಧತಿ ಸರಿಯಾದದ್ದೇ. ಪದೇ ಪದೇ ಆಗುತ್ತಿದ್ದರೆ ಪೈಪಿನ ದಾರಿಯನ್ನು ಬಿಸಿ ಭಾಗಗಳಿಂದ ದೂರ ಸರಿಸಿ, ಶಾಖ ತಡೆಯುವ ಹೊದಿಕೆ ಸುತ್ತಿ.

ಹಂತ 6: ಈಗ ಕಾರ್ಬ್ಯುರೇಟರ್

ಬ್ಯಾಟರಿ ಮತ್ತೆ ಕಳಚಿ. ಏರ್ ಕ್ಲೀನರ್ ತೆಗೆಯುವ ಮೊದಲೇ ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಕ್ಸಿಲರೇಟರ್ ಸರಳು, ಚೋಕ್ ತಂತಿ, ಸ್ಪ್ರಿಂಗ್ ಎಲ್ಲಿ ಸಿಕ್ಕಿಸಿದೆ ಎಂಬುದು ಒಂದು ಗಂಟೆಯ ನಂತರ ನೆನಪಿರುವುದಿಲ್ಲ. ಕಾರ್ಬ್ಯುರೇಟರ್ ಎತ್ತಿದ ಕೂಡಲೇ ಅದರ ಕೆಳಗಿನ, ಎಂಜಿನ್ನಿನೊಳಕ್ಕೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಅಲ್ಲಿಗೆ ಬಿದ್ದ ಒಂದು ನಟ್ಟು ಎಂಜಿನ್ ಇಳಿಸುವಂತೆ ಮಾಡೀತು.

ಬಿಳಿ ಟ್ರೇ ಒಂದರ ಮೇಲೆ ಇಟ್ಟು ಮೇಲಿನ ಮುಚ್ಚಳ ಬಿಚ್ಚಿ. ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ತಳದಲ್ಲಿ ಏನಿದೆ ಎಂಬುದನ್ನು ಒರೆಸುವ ಮೊದಲು ಗಮನಿಸಿ. ಕಂದು ಪುಡಿ ಇದ್ದರೆ ಟ್ಯಾಂಕ್ ಸರಿಯಾಗಿಲ್ಲ. ಕಪ್ಪು ಪುಡಿ ಇದ್ದರೆ ರಬ್ಬರ್ ಕರಗುತ್ತಿದೆ. ಬಿಳಿ ಹಿಟ್ಟಿನಂಥದ್ದು ಇದ್ದರೆ ನೀರು ಸೇರಿ ಕಾರ್ಬ್ಯುರೇಟರಿನ ಲೋಹವೇ ಸವೆಯುತ್ತಿದೆ.

ಬಟ್ಟಲಿನಲ್ಲಿ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಕುಲುಕಿ. ಒಳಗೆ ದ್ರವದ ಸದ್ದು ಕೇಳಿದರೆ ತೂತಾಗಿದೆ, ಬದಲಿಸಿ. ನೀಡಲ್ ವಾಲ್ವಿನ ಮೊನೆಯನ್ನು ಬಿಸಿಲಿಗೆ ಹಿಡಿದು ನೋಡಿ. ಉಂಗುರದಂತೆ ಸವೆದ ಗುರುತು ಕಂಡರೆ ಅದು ಪೆಟ್ರೋಲ್ ನಿಲ್ಲಿಸಲಾರದು, ಬಟ್ಟಲು ತುಂಬಿ ಹರಿಯುತ್ತದೆ. ಕಿಟ್‌ನಲ್ಲಿ ಹೊಸದು ಬರುತ್ತದೆ, ಸವೆಯದಿದ್ದರೂ ಹಾಕಿ.

ಜೆಟ್‌ಗಳನ್ನು ಸರಿಯಾದ ಅಗಲದ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ. ಹಿತ್ತಾಳೆ ಮೆತ್ತಗಿರುವುದರಿಂದ ಸ್ಕ್ರೂಡ್ರೈವರ್ ಕೂರುವ ಸೀಳು ಬೇಗ ಹಾಳಾಗುತ್ತದೆ. ಅವುಗಳ ಮೇಲೆ ಸಂಖ್ಯೆ ಕೊರೆದಿರುತ್ತದೆ. ಅದು ರಂಧ್ರದ ವ್ಯಾಸ, ಮಿಲಿಮೀಟರಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ. 115 ಎಂದರೆ 1.15 ಮಿಲಿಮೀಟರ್. ಪಿನ್ನು, ಗುಂಡುಸೂಜಿ, ತಂತಿ ಯಾವುದನ್ನೂ ತೂರಿಸಬೇಡಿ. ಕೂದಲೆಳೆಯಷ್ಟು ಗೀರಿದರೂ ಅಳತೆ ಬದಲಾಗುತ್ತದೆ. ಕ್ಲೀನರ್ ಸಿಂಪಡಿಸಿ, ಗಾಳಿ ಹೊಡೆಯಿರಿ. ಹಟ ಹಿಡಿದ ಕಸಕ್ಕೆ ಟೂತ್‌ಬ್ರಷ್‌ನ ಒಂದು ನೈಲಾನ್ ಎಳೆ ಸಾಕು. ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ, ಚೊಕ್ಕವಾಗಿ ಕಾಣಬೇಕು. ಕಾರ್ಬ್ಯುರೇಟರಿನ ಪ್ರತಿ ದಾರಿಗೂ ಗಾಳಿ ಹೊಡೆದು ಇನ್ನೊಂದು ತುದಿಯಲ್ಲಿ ಹೊರಬರುತ್ತಿದೆಯೇ ಎಂದು ಬೆರಳಿಟ್ಟು ನೋಡಿ. ಕನ್ನಡಕ ಹಾಕಿರಿ, ಕ್ಲೀನರ್ ಕಣ್ಣಿಗೇ ಹಾರುತ್ತದೆ. ಗ್ಯಾಸ್ಕೆಟ್ ಹೊಸದೇ ಆಗಬೇಕು, ಮೇಲೆ ಅಂಟು ಸವರಬೇಡಿ. ಪೆಟ್ರೋಲಿಗೆ ಕರಗಿ ಜೆಟ್ಟಿಗೆ ಹೋಗುತ್ತದೆ.

ಇ20ಕ್ಕೆ ಜೆಟ್ ದೊಡ್ಡದು ಮಾಡಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಕಾರು ಓಡಿಸಿ ಸ್ಪಾರ್ಕ್ ಪ್ಲಗ್ ನೋಡಿ ನಿರ್ಧರಿಸಿ. ತಿಳಿ ಕಂದು ಇದ್ದರೆ ಏನೂ ಮಾಡಬೇಡಿ. ಸುಣ್ಣದಂತೆ ಬಿಳಿಯಾಗಿದ್ದು, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುತ್ತಿದ್ದರೆ ಒಂದು ಅಳತೆ ಮೇಲಿನ ಮೇನ್ ಜೆಟ್ ಹಾಕಿ ನೋಡಬಹುದು. 115ರಿಂದ 120ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ, ಸುಮಾರಾಗಿ ಬೇಕಾದದ್ದೂ ಅಷ್ಟೇ. ಹಳೆಯ ಜೆಟ್ಟನ್ನೇ ಡ್ರಿಲ್ ಮಾಡಿ ಅಗಲಿಸಬೇಡಿ. ಮೂಲ ಜೆಟ್ಟನ್ನು ಜೋಪಾನವಾಗಿ ಎತ್ತಿಡಿ.

ಹಂತ 7: ಶುರು ಮಾಡಿ, ಸರಿ ಹೊಂದಿಸಿ

ಎಲ್ಲ ಜೋಡಿಸಿ, ಬ್ಯಾಟರಿ ಹಾಕಿ. ಬಟ್ಟಲು ತುಂಬಲು ಸ್ವಲ್ಪ ಹೆಚ್ಚು ಸ್ಟಾರ್ಟರ್ ಹೊಡೆಯಬೇಕಾಗುತ್ತದೆ. ಒಂದೇ ಸಮನೆ ಹೊಡೆಯದೆ ನಡುನಡುವೆ ಬಿಡುವು ಕೊಡಿ. ಎಂಜಿನ್ ಹಿಡಿದ ತಕ್ಷಣ ಪೈಪಿನ ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ಸೋರಿಕೆ ಕಾಗದದಲ್ಲಿ ಕಾಣುತ್ತದೆ.

ಎಂಜಿನ್ ಪೂರ್ತಿ ಬಿಸಿಯಾಗಿ, ಚೋಕ್ ಪೂರ್ತಿ ತೆಗೆದ ಮೇಲೆಯೇ ಟ್ಯೂನಿಂಗ್. ಗಾಳಿ ಪೆಟ್ರೋಲಿನ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಕೂರಿಸುವಾಗಲೇ ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದಿರಬೇಕು. ಬಿಗಿಯಾಗಿ ಒತ್ತಿದರೆ ಅದರ ಮೊನೆಯಲ್ಲಿ ಗುಳಿ ಬೀಳುತ್ತದೆ. ಈಗ ಕಾಲು ಕಾಲು ಸುತ್ತು ಆಚೆ ಈಚೆ ತಿರುಗಿಸುತ್ತ ಎಂಜಿನ್ ಅತ್ಯಂತ ನಯವಾಗಿ, ವೇಗವಾಗಿ ಓಡುವ ಜಾಗ ಹುಡುಕಿ. ಆಮೇಲೆ ಐಡ್ಲಿಂಗ್ ಸ್ಕ್ರೂ ಸಡಿಲಿಸಿ ವೇಗ ಇಳಿಸಿ. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಬದಲಾಗುತ್ತದೆ, ಎರಡು ಮೂರು ಸಲ ಮಾಡಿದರೆ ನೆಲೆಗೆ ಬರುತ್ತದೆ.

ಅಲ್ಲಿಂದ ನೇರವಾಗಿ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗಿ. ಪದ್ಮಿನಿಯ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3. ಪ್ರಮಾಣಪತ್ರ ತೆಗೆದುಕೊಂಡು ಸುಮ್ಮನೆ ಬರದೆ ಯಂತ್ರದ ಅಂಕಿಯನ್ನು ಬರೆದುಕೊಳ್ಳಿ. ಸ್ಕ್ರೂಡ್ರೈವರ್ ಜೇಬಿನಲ್ಲಿದ್ದು ಕೇಂದ್ರದವರು ಒಪ್ಪಿದರೆ ಅಲ್ಲೇ ಕಾಲು ಸುತ್ತು ತಿರುಗಿಸಿ ಅಂಕಿ ಹೇಗೆ ಬದಲಾಗುತ್ತದೆ ನೋಡಿ. ಕಿವಿ ಹೇಳಿದ್ದನ್ನು ಯಂತ್ರ ಒಪ್ಪುತ್ತದೆಯೇ ಇಲ್ಲವೇ ಎಂದು ಅಲ್ಲಿ ಗೊತ್ತಾಗುತ್ತದೆ.

ಆಮೇಲಿನ ನಿಗಾ

ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಕ್ಲಿಪ್‌ಗಳನ್ನು ಮತ್ತೆ ಮುಟ್ಟಿ ನೋಡಿ. ವಾರಕ್ಕೊಮ್ಮೆಯಾದರೂ ಕಾರನ್ನು ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ; ನಿಂತಲ್ಲೇ ಐದು ನಿಮಿಷ ಶುರು ಮಾಡಿ ಆರಿಸುವುದರಿಂದ ಉಪಯೋಗವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕನ್ನು ತುಂಬಿಯೇ ಇಡಿ, ಖಾಲಿ ಜಾಗ ಕಡಿಮೆ ಇದ್ದಷ್ಟೂ ತೇವದ ಗಾಳಿ ಒಳಗೆ ನೀರಾಗುವುದು ಕಡಿಮೆ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಊರಿನಲ್ಲಿ ಇರುವುದಿಲ್ಲವೆಂದಾದರೆ ಕಾರ್ಬ್ಯುರೇಟರ್ ಬಟ್ಟಲನ್ನು ಬಸಿದು ಹೋಗಿ.

ಸಾಮಾನಿನ ಪಟ್ಟಿಯಲ್ಲಿ ಎರಡು ಫಿಲ್ಟರ್ ಬರೆದದ್ದಕ್ಕೆ ಕಾರಣ ಇದೆ. ಮೊದಲನೆಯದನ್ನು ಐನೂರು ಕಿಲೋಮೀಟರಿಗೆ ತೆಗೆದು, ಬಸಿದು, ಒಣಗಿಸಿ, ಹ್ಯಾಕ್ಸಾದಿಂದ ಎರಡು ಹೋಳು ಮಾಡಿ, ಒಳಗಿನ ಕಾಗದವನ್ನು ಬಿಡಿಸಿ ನೋಡಿ. ಬರೀ ಮಸುಕು ಹಳದಿ ಇದ್ದರೆ ಎರಡನೆಯದನ್ನು ಹಾಕಿ ವರ್ಷವಿಡೀ ಓಡಿಸಿ. ಮಡಿಕೆಗಳ ತುಂಬ ಕಂದು ಪುಡಿ ಸಿಕ್ಕರೆ ಟ್ಯಾಂಕ್ ಇಳಿಸುವ ಭಾನುವಾರವನ್ನು ಈಗಲೇ ಗೊತ್ತು ಮಾಡಿಕೊಳ್ಳಿ.